ಹಾರ್ಡ್ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್: ಮೊದಲು ನಕಲು, ಆಮೇಲೆ ರಿಪೇರಿ

ಪುಷ್ಯ ಮಳೆ ಹಿಡಿದು ಸುರಿಯುತ್ತಿದ್ದ ದಿನ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ಮಂಡಿಗೆ ಬಂದವರು ಹಾಗೇ ನನ್ನ ರಿಪೇರಿ ಅಂಗಡಿಗೂ ಬಂದರು. ಕೈಯಲ್ಲಿ ಒಂದು ಗಂಟು. ಟವೆಲ್ ಬಿಚ್ಚಿದರೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕು ಬಿಚ್ಚಿದರೆ ಲ್ಯಾಪ್‌ಟಾಪು. ಒಂದು ಹನಿ ನೀರು ತಾಗಿರಲಿಲ್ಲ.

"ಎಂತ ಆಗಿದೆ ಅಂತ ಗೊತ್ತಾಗ್ತಿಲ್ಲ ಮಾರಾಯ್ರೇ. ತೋಟದ ಲೆಕ್ಕ ಎಲ್ಲ ತೆಗೆಯುತ್ತೆ. ಮಗಳ ಮದುವೆ ಫೋಟೋ ತೆಗೆದ್ರೆ ಮಾತ್ರ ಹಂಗೇ ನಿಂತುಬಿಡುತ್ತೆ" ಅಂದರು.

ಯಾರೋ ಹೇಳಿದರೆಂದು ಎರಡು ರಾತ್ರಿ ಡಿಸ್ಕ್ ರಿಪೇರಿ ಕಮಾಂಡ್ ಓಡಿಸಿದ್ದರಂತೆ. ಅದಾದ ಮೇಲೆ ಕೆಲವು ಫೋಟೋ ತೆರೆದುಕೊಂಡವು, ಆದರೆ ಪೂರ್ತಿ ಇರಲಿಲ್ಲ. ಒಂದನ್ನು ತೋರಿಸಿದರು. ಧಾರೆ ಎರೆಯುವ ಹೊತ್ತಿನ ಚಿತ್ರ. ಮೇಲಿನ ಅರ್ಧದಲ್ಲಿ ಬಾಸಿಂಗ ಕಟ್ಟಿದ ಹುಡುಗಿಯ ಮುಖ, ಹಿಂದೆ ನಿಂತ ಸೋದರಮಾವ. ಕೆಳಗಿನ ಅರ್ಧ ಬರೀ ಬೂದು ಬಣ್ಣ. ಧಾರೆ ಎರೆಯುವ ಕೈಗಳೇ ಇರಲಿಲ್ಲ.

ಮಳೆಗಾಲ ಬಂತೆಂದರೆ ಇಂಥ ಡಿಸ್ಕುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ತಂದವರಿಗೆ ಯಾರೋ ಒಂದೇ ಮಾತು ಹೇಳಿರುತ್ತಾರೆ: "ಬ್ಯಾಡ್ ಸೆಕ್ಟರ್ ಬಂದಿದೆ." ಅದು ಏನು, ಯಾಕೆ ಬರುತ್ತದೆ, ಬಂದಾಗ ಮೊದಲು ಏನು ಮಾಡಬೇಕು ಅನ್ನುವುದನ್ನು ಬುಡದಿಂದ ನೋಡೋಣ. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಆ ಕ್ರಮ ತಪ್ಪಿದರೆ ಉಳಿಯಬಹುದಾಗಿದ್ದ ಫೋಟೋವೂ ಹೋಗುತ್ತದೆ.

ಸೆಕ್ಟರ್ ಅಂದರೆ ಏನು?

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳಿರುತ್ತವೆ. ಅಲ್ಯೂಮಿನಿಯಂ ಅಥವಾ ಗಾಜಿನವು. ಮೇಲೆ ಕಾಂತಗುಣದ ತೆಳು ಪದರ. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಆ ತಟ್ಟೆಯ ಮೇಲೆ ಒಂದು ಪುಟ್ಟ ಹೆಡ್ ತಾಗದೆ ತೇಲುತ್ತಾ ಓದುತ್ತದೆ, ಬರೆಯುತ್ತದೆ. ಎರಡರ ನಡುವಿನ ಜಾಗ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಒಂದು ಧೂಳಿನ ಕಣವೂ ಈ ಹೆಡ್‌ಗೆ ಗುಡ್ಡವಿದ್ದ ಹಾಗೆ.

ತಟ್ಟೆಯ ಮೇಲೆ ಸುತ್ತು ಸುತ್ತಾಗಿ ದಾರಿಗಳಿವೆ. ಪ್ರತಿ ದಾರಿಯನ್ನೂ ಸಣ್ಣ ತುಂಡುಗಳಾಗಿ ಹಂಚಿದ್ದಾರೆ. ಆ ಒಂದೊಂದು ತುಂಡೇ ಸೆಕ್ಟರ್. ಒಂದು ಸೆಕ್ಟರಿನಲ್ಲಿ 512 ಬೈಟ್ ಹಿಡಿಯುತ್ತದೆ. ಹೊಸ ಡಿಸ್ಕುಗಳಲ್ಲಿ ಒಳಗೆ 4096 ಬೈಟಿನ ದೊಡ್ಡ ಸೆಕ್ಟರ್ ಇರುತ್ತದೆ. 512 ಬೈಟ್ ಅಂದರೆ ಎಷ್ಟು? ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಯೂನಿಕೋಡಿನಲ್ಲಿ ಒಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಹಾಗಾಗಿ ಒತ್ತು, ಕೊಂಬು ಎಲ್ಲ ಸೇರಿ ಸುಮಾರು 170 ಚಿಹ್ನೆ. ಎರಡು ಮೂರು ಸಾಲಿನ ಕಾಗದ, ಅಷ್ಟೇ.

1 ಟಿಬಿ ಡಿಸ್ಕಿನಲ್ಲಿ ಇಂಥ 512 ಬೈಟಿನ ಸೆಕ್ಟರುಗಳು ಸುಮಾರು 195 ಕೋಟಿ. 4 ಎಂಬಿಯ ಒಂದು ಫೋಟೋ ಸುಮಾರು 8 ಸಾವಿರ ಸೆಕ್ಟರಿನಲ್ಲಿ ಕೂತಿರುತ್ತದೆ. ಅದರಲ್ಲಿ ಒಂದೇ ಒಂದು ಓದಲು ಬರದಿದ್ದರೂ ಫೋಟೋ ಅರ್ಧಕ್ಕೆ ನಿಲ್ಲಬಹುದು. ಬೂದು ಬಣ್ಣ ಬಂದದ್ದು ಹೀಗೆ.

ಮಂಡಿ ಚೀಟಿಯ ಲೆಕ್ಕ

ಓದಿದ್ದು ಸರಿಯೋ ತಪ್ಪೋ ಅಂತ ಡಿಸ್ಕಿಗೆ ಹೇಗೆ ಗೊತ್ತಾಗುತ್ತದೆ?

ಮಂಡಿಯಲ್ಲಿ ಹತ್ತು ಚೀಲ ಅಡಿಕೆ ತೂಗಿ ಚೀಟಿ ಬರೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಒಂದೊಂದು ಚೀಲದ ತೂಕ ಸಾಲಾಗಿ, ಕೆಳಗೆ ಒಟ್ಟು. ಚೀಟಿ ಮಳೆಗೆ ನೆನೆದು ಒಂದು ಚೀಲದ ತೂಕ ಅಳಿಸಿಹೋಯಿತು. ಚಿಂತೆಯಿಲ್ಲ. ಉಳಿದ ಒಂಬತ್ತನ್ನು ಕೂಡಿ ಒಟ್ಟಿನಿಂದ ಕಳೆದರೆ ಅಳಿಸಿದ ಅಂಕಿ ಸಿಕ್ಕಿಬಿಡುತ್ತದೆ. ಎರಡು ಅಂಕಿ ಅಳಿಸಿದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಪ್ರತಿ ಸೆಕ್ಟರಿನ ಕೊನೆಯಲ್ಲೂ ಡಿಸ್ಕ್ ಇಂಥದೇ ಒಂದು ಲೆಕ್ಕ ಬರೆದಿಟ್ಟಿರುತ್ತದೆ. ಅದಕ್ಕೆ ಇಸಿಸಿ ಅನ್ನುತ್ತಾರೆ. ಇದು ಬರೀ ಕೂಡುವ ಲೆಕ್ಕಕ್ಕಿಂತ ತುಂಬಾ ಬಲವಾದದ್ದು. ಹಲವಾರು ಬಿಟ್ ತಪ್ಪಿದ್ದರೂ ಸರಿಮಾಡಿಕೊಳ್ಳುತ್ತದೆ. ಆರೋಗ್ಯವಾಗಿರುವ ಡಿಸ್ಕಿನಲ್ಲೂ ಸಣ್ಣಪುಟ್ಟ ತಪ್ಪು ದಿನವಿಡೀ ಆಗುತ್ತಿರುತ್ತದೆ, ಅಲ್ಲೇ ಸರಿಯೂ ಆಗುತ್ತಿರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಈ ಲೆಕ್ಕದಿಂದಲೂ ಸರಿಮಾಡಲು ಆಗದಷ್ಟು ಕೆಟ್ಟಿರುವ ಸೆಕ್ಟರನ್ನೇ ಬ್ಯಾಡ್ ಸೆಕ್ಟರ್ ಅನ್ನುವುದು.

ಕೆಡುವುದು ಎರಡು ಥರ

ಒಂದು, ಲೆಕ್ಕ ಮಾತ್ರ ತಪ್ಪಿದ್ದು. ಡಿಸ್ಕ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಹೊಸ ಅಕ್ಷರ, ಅರ್ಧ ಹಳೆಯ ಅಕ್ಷರ ಉಳಿಯಬಹುದು. ತಾಳೆ ನೋಡಿದರೆ ಹೊಂದುವುದಿಲ್ಲ. ತಟ್ಟೆಗೆ ಏನೂ ಆಗಿರುವುದಿಲ್ಲ. ಆ ಜಾಗಕ್ಕೆ ಹೊಸದಾಗಿ ಬರೆದರೆ ಸರಿಹೋಗುತ್ತದೆ.

ಇನ್ನೊಂದು, ತಟ್ಟೆಯೇ ಪೆಟ್ಟು ತಿಂದದ್ದು. ಲ್ಯಾಪ್‌ಟಾಪು ಆನ್ ಇರುವಾಗ ಕೈಜಾರಿ ಬಿದ್ದರೆ ಹೆಡ್ ತಟ್ಟೆಗೆ ತಾಗುತ್ತದೆ. ಗೆರೆ ಬೀಳುತ್ತದೆ. ಅಲ್ಲಿಂದ ಎದ್ದ ಪುಡಿ ಒಳಗೇ ಸುತ್ತುತ್ತಾ ಬೇರೆ ಕಡೆಯೂ ಗೀರುತ್ತದೆ. ಪದರ ಹಳೆಯದಾಗಿ ಕಾಂತಗುಣ ಕುಂದುವುದೂ ಉಂಟು. ಇದು ಬರೆದರೂ ಸರಿಹೋಗುವುದಿಲ್ಲ, ಮತ್ತು ಹರಡುತ್ತದೆ. ತೋಟದವರಿಗೆ ಇದನ್ನು ನಾನು ಕೊಳೆರೋಗಕ್ಕೆ ಹೋಲಿಸಿ ಹೇಳುತ್ತೇನೆ. ಮರದ ಬುಡದಲ್ಲಿ ನಾಲ್ಕು ಹಸಿಕಾಯಿ ಉದುರಿದ್ದು ಕಂಡರೆ ನಾಲ್ಕು ಕಾಯಿ ಹೋಯಿತು ಅಂತ ಯಾರೂ ಸುಮ್ನೆ ಕೂರುವುದಿಲ್ಲ, ಅಲ್ವಾ? ಕತ್ತೆತ್ತಿ ಗೊನೆ ನೋಡುತ್ತಾರೆ, ಪಕ್ಕದ ಮರವನ್ನೂ ನೋಡುತ್ತಾರೆ.

ಹೊರಗಿನಿಂದ ನೋಡಿದಾಗ ಈ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಅಂತ ಖಚಿತ ಮಾಡಿಕೊಳ್ಳಲು ಆ ಜಾಗಕ್ಕೆ ಬರೆದು ನೋಡಬೇಕು. ಬರೆದರೆ ಹಳೆಯದು ಅಳಿಸಿಹೋಗುತ್ತದೆ. ಅದಕ್ಕೇ ಪರೀಕ್ಷೆ ಆಮೇಲೆ, ನಕಲು ಮೊದಲು.

ಡಿಸ್ಕ್ ತಾನೇ ಮಾಡಿಕೊಳ್ಳುವ ಏರ್ಪಾಡು

ಕಾರ್ಖಾನೆಯಿಂದ ಬರುವಾಗಲೇ ಪ್ರತಿ ಡಿಸ್ಕಿನಲ್ಲೂ ಸ್ವಲ್ಪ ಕಾದಿಟ್ಟ ಜಾಗ ಇರುತ್ತದೆ. ನಮ್ಮ ಲೆಕ್ಕಕ್ಕೆ ಸಿಗದ ಸ್ಪೇರ್ ಸೆಕ್ಟರುಗಳು. ಒಂದು ಸೆಕ್ಟರ್ ಕೆಟ್ಟಿದೆ ಎಂದು ಖಚಿತವಾದರೆ ಡಿಸ್ಕ್ ಅದರ ಬದಲು ಒಂದು ಸ್ಪೇರ್ ಸೆಕ್ಟರನ್ನು ಕೆಲಸಕ್ಕೆ ಹಚ್ಚುತ್ತದೆ. ಸೆಕ್ಟರಿನ ನಂಬರ್ ಮಾತ್ರ ಬದಲಾಗುವುದಿಲ್ಲ. ನಮ್ಮ ಒಂಟಿಮನೆಗಳಿಗೆ ಬರುವ ಪೋಸ್ಟ್‌ಮ್ಯಾನ್ ಹೀಗೇ ಮಾಡುತ್ತಾರೆ. ಹಳೆಮನೆ ಬಿದ್ದುಹೋಗಿ ಮನೆಯವರು ಮೇಲಿನ ದಿಬ್ಬದಲ್ಲಿ ಹೊಸಮನೆ ಕಟ್ಟಿರುತ್ತಾರೆ. ಕಾಗದದ ಮೇಲೆ ಹಳೆಯ ವಿಳಾಸವೇ ಇರುತ್ತದೆ. ಪೋಸ್ಟ್‌ಮ್ಯಾನ್ ಯಾರನ್ನೂ ಕೇಳದೆ ಸೀದಾ ದಿಬ್ಬ ಹತ್ತುತ್ತಾರೆ. ಈ ಜಾಗ ಬದಲಾವಣೆಗೆ ರೀಅಲೊಕೇಶನ್ ಅನ್ನುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಓದಲು ಹೋದಾಗ ಸೆಕ್ಟರ್ ಕೈಕೊಟ್ಟರೆ ಡಿಸ್ಕ್ ಕೂಡಲೇ ಜಾಗ ಬದಲಿಸುವುದಿಲ್ಲ. ಒಳಗಿದ್ದದ್ದು ಏನೆಂದೇ ಅದಕ್ಕೆ ಗೊತ್ತಿಲ್ಲ, ಸ್ಪೇರ್ ಸೆಕ್ಟರಿಗೆ ಏನು ತುಂಬುವುದು? ಹಾಗಾಗಿ ಅದನ್ನು "ಪೆಂಡಿಂಗ್" ಎಂದು ಗುರುತು ಹಾಕಿ ಕಾಯುತ್ತದೆ. ಮುಂದೆ ಎಂದಾದರೂ ಅದು ಸರಿಯಾಗಿ ಓದಲು ಸಿಕ್ಕರೆ ಅಥವಾ ನಾವು ಅಲ್ಲಿಗೆ ಹೊಸದಾಗಿ ಏನಾದರೂ ಬರೆದರೆ ಆಗ ತೀರ್ಮಾನ ಮಾಡುತ್ತದೆ.

ಕಂಪ್ಯೂಟರ್ ಹಂಗೇ ನಿಂತುಬಿಡುವುದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಓದಲು ಬರದ ಸೆಕ್ಟರನ್ನು ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ. ಒಂದೊಂದು ಪ್ರಯತ್ನಕ್ಕೂ ತಟ್ಟೆ ಒಂದು ಸುತ್ತು ತಿರುಗಿ ಬರಬೇಕು. ಹೆಡ್ಡನ್ನು ಕೂದಲೆಳೆಯಷ್ಟೂ ಅಲ್ಲದ ದೂರ ಆಚೆ ಈಚೆ ಸರಿಸಿ ನೋಡುತ್ತದೆ. ಒಂದೇ ಸೆಕ್ಟರಿಗೆ ಎಷ್ಟೋ ಸೆಕೆಂಡು ಹೋಗುತ್ತದೆ. ಅಂಥ ನೂರು ಸೆಕ್ಟರ್ ಸಾಲಾಗಿ ಸಿಕ್ಕರೆ ಪರದೆ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಡಿಸ್ಕ್ ಆಗ ಸುಮ್ನೆ ಕೂತಿಲ್ಲ, ಅದರ ಶಕ್ತಿ ಮೀರಿ ದುಡಿಯುತ್ತಿದೆ.

ಸ್ಮಾರ್ಟ್ ವರದಿ ಓದುವುದು ಹೇಗೆ?

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ವಿಂಡೋಸ್ ಇದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ಲಿನಕ್ಸಿನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ಪಟ್ಟಿ ಉದ್ದ ಇರುತ್ತದೆ, ಹೆದರಬೇಡಿ. ನೋಡಬೇಕಾದದ್ದು ನಾಲ್ಕು ಸಾಲು.

5ನೇ ನಂಬರು ರೀಅಲೊಕೇಟೆಡ್ ಸೆಕ್ಟರ್, ಅಂದರೆ ಈಗಾಗಲೇ ಜಾಗ ಬದಲಾದವು. 197 ಪೆಂಡಿಂಗ್, ತೀರ್ಮಾನಕ್ಕೆ ಕಾಯುತ್ತಿರುವವು. 198 ಅನ್‌ಕರೆಕ್ಟಬಲ್, ಡಿಸ್ಕ್ ತಾನೇ ಪರೀಕ್ಷಿಸಿದಾಗಲೂ ಓದಲು ಬರದವು. 199ರ ಕಥೆ ಬೇರೆ. ಅದು ಸಿಆರ್‌ಸಿ ಎರರ್, ಡಿಸ್ಕಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ ಆದ ತಪ್ಪು. ಅದೊಂದೇ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕೇಬಲ್ ಕೆಟ್ಟಿದ್ದಕ್ಕೆ ಒಳ್ಳೆಯ ಡಿಸ್ಕ್ ಬಿಸಾಡಿದವರನ್ನು ಕಂಡಿದ್ದೇನೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಈ ನಂಬರುಗಳು ಹೆಕ್ಸ್ ಲೆಕ್ಕದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವ ಲೆಕ್ಕದಲ್ಲಿ, ಕಾಣುತ್ತವೆ. 5 ಎನ್ನುವುದು 05, 197 ಎನ್ನುವುದು ಸಿ5, 198 ಎಂದರೆ ಸಿ6, 199 ಎಂದರೆ ಸಿ7. ಎದುರಿಗಿರುವ ರಾ ವ್ಯಾಲ್ಯೂ, ಅಂದರೆ ಎಷ್ಟು ಸೆಕ್ಟರ್ ಅನ್ನುವ ಎಣಿಕೆ, ಕೂಡ ಹೆಕ್ಸ್. ಅಲ್ಲಿ 10 ಎಂದು ಕಂಡರೆ ನಮ್ಮ ಲೆಕ್ಕಕ್ಕೆ 16. ಫಂಕ್ಷನ್ ಮೆನುವಿನಲ್ಲಿ ಇದನ್ನು ದಶಮಾನಕ್ಕೆ ಬದಲಿಸಿಕೊಳ್ಳಬಹುದು. ಯುಎಸ್‌ಬಿ ಪೆಟ್ಟಿಗೆಯ ಒಳಗಿರುವ ಕೆಲವು ಡಿಸ್ಕುಗಳ ವರದಿ ಹೊರಗೆ ಬರುವುದೇ ಇಲ್ಲ. ಅಂಥದ್ದನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಜೋಡಿಸಿ ನೋಡಬೇಕಾಗುತ್ತದೆ.

ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ. ವರ್ಷಗಟ್ಟಲೆ 8ರಲ್ಲೇ ನಿಂತ ಡಿಸ್ಕ್ ಇನ್ನೂ ಓಡಬಹುದು. ಹೋದ ವಾರ 8 ಇದ್ದು ಈ ವಾರ 80 ಆಗಿದ್ದರೆ ಅದರ ದಿನ ಹತ್ತಿರ ಬಂತು. 2007ರಲ್ಲಿ ಗೂಗಲ್‌ನ ಮೂವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ತಪಾಸಣೆ ಮಾಡುವಾಗ ಮೊದಲ ತಪ್ಪು ಸಿಕ್ಕಿತು ಅಂದರೆ, ಮುಂದಿನ 60 ದಿನದಲ್ಲಿ ಅದು ಹಾಳಾಗುವ ಸಾಧ್ಯತೆ ತಪ್ಪಿಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಇತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಹಾಳಾದ ಡಿಸ್ಕುಗಳಲ್ಲಿ 36 ಶೇಕಡಕ್ಕೂ ಜಾಸ್ತಿಯವು, ಉಷ್ಣತೆಯೊಂದನ್ನು ಬಿಟ್ಟರೆ, ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಸ್ಮಾರ್ಟ್ ಕೆಂಪು ತೋರಿಸಿದರೆ ನಂಬಿ. ನೀಲಿ ತೋರಿಸಿದರೆ ಮೈಮರೆಯಬೇಡಿ.

ಕೂಡಲೇ ಏನು ಮಾಡಬೇಕು?

ಆ ಡಿಸ್ಕಿನ ಮೇಲೆ ಕೆಲಸ ಮಾಡುವುದನ್ನು ನಿಲ್ಲಿಸಿ. ಹೊಸ ತಂತ್ರಾಂಶ ಹಾಕಬೇಡಿ, ಅಪ್‌ಡೇಟ್ ಬಿಡಬೇಡಿ. ಜೋಡಿಸಿದ ತಕ್ಷಣ ವಿಂಡೋಸ್ "ಸ್ಕ್ಯಾನ್ ಮಾಡಿ ಸರಿಪಡಿಸಲಾ?" ಎಂದೋ "ಫಾರ್ಮ್ಯಾಟ್ ಮಾಡಲಾ?" ಎಂದೋ ಕೇಳಬಹುದು. ಎರಡಕ್ಕೂ ಬೇಡ ಅನ್ನಿ.

ಡಿಸ್ಕ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಬೇರೆಲ್ಲೂ ಇಲ್ಲದ ಕಡತಗಳನ್ನು ಮೊದಲು ಹೊರಗೆ ತೆಗೆಯಿರಿ. ಸಿನಿಮಾ, ಹಾಡು ಮತ್ತೆ ಸಿಗುತ್ತವೆ. ತೋಟದ ಲೆಕ್ಕ, ಮನೆಯ ಫೋಟೋ, ಅಜ್ಜಿಯ ದನಿ ಸಿಗುವುದಿಲ್ಲ. ಒಂದು ಫೋಲ್ಡರ್ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ಅದೂ ಆಗುತ್ತಿಲ್ಲವಾದರೆ ಇಡೀ ಡಿಸ್ಕನ್ನು ಸೆಕ್ಟರ್ ಸೆಕ್ಟರಾಗಿ ಇನ್ನೊಂದು ಒಳ್ಳೆಯ ಡಿಸ್ಕಿಗೆ ನಕಲು ಇಳಿಸಬೇಕು. ಇದಕ್ಕೆ ನಾನು ಬಳಸುವುದು ಜಿಎನ್‌ಯು ಡಿಡಿರೆಸ್ಕ್ಯೂ. ಉಚಿತ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ (ಬೂಟ್ ಮಾಡಿದರೆ) ಒಳಗೇ ಸಿಗುತ್ತದೆ.

ಸಾಮಾನ್ಯ ಕಾಪಿ-ಪೇಸ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಪರೀಕ್ಷೆಗೆ ಹೋಗುವ ಮಕ್ಕಳಿಗೆ ನಾವು ಹೇಳುವ ಬುದ್ಧಿಮಾತೇ ಇದರ ಗುಟ್ಟು: ಗೊತ್ತಿರುವುದನ್ನು ಮೊದಲು ಬರಿ, ಕಷ್ಟದ್ದನ್ನು ಕೊನೆಗೆ ಇಟ್ಟುಕೋ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ಜಿಗಿಯುತ್ತದೆ. ಒಳ್ಳೆಯದೆಲ್ಲ ಬಂದ ಮೇಲೆ ಕೆಟ್ಟ ಜಾಗದ ಅಂಚಿನಿಂದ ಒಳಗೆ ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಹೀಗಾಗಿ ಡಿಸ್ಕ್ ನಡುವೆಯೇ ಪ್ರಾಣ ಬಿಟ್ಟರೂ ಬಹುಪಾಲು ಕೈಸೇರಿರುತ್ತದೆ. "ಎನ್" ಎಂಬ ಆಯ್ಕೆ ಕೊಟ್ಟರೆ ಮೊದಲ ಓಟದಲ್ಲಿ ಈ ಕೆರೆಯುವ ಕೆಲಸ ಬಿಟ್ಟುಬಿಡುತ್ತದೆ. ಆಮೇಲೆ ಅದಿಲ್ಲದೆ ಇನ್ನೊಮ್ಮೆ ಓಡಿಸಬಹುದು.

ಜೊತೆಗೆ ಒಂದು ಮ್ಯಾಪ್ ಕಡತ ಕೊಡಲೇಬೇಕು. ಎಲ್ಲಿಯವರೆಗೆ ಓದಿದೆ, ಯಾವುದು ಬಾಕಿ ಅನ್ನುವುದನ್ನು ಅದರಲ್ಲಿ ಬರೆದುಕೊಳ್ಳುತ್ತದೆ. ನಮ್ಮ ಕಡೆಗೆ ಇದು ದೊಡ್ಡ ಉಪಕಾರ. ಎಲ್ಲ ಸರಿ ಇರುವ 1 ಟಿಬಿ ಡಿಸ್ಕಿಗೇ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಎರಡೂ ಮುಕ್ಕಾಲು ಗಂಟೆ ಬೇಕು. ಕೆಟ್ಟದ್ದಕ್ಕೆ ದಿನಗಟ್ಟಲೆ. ನಡುವೆ ಕರೆಂಟು ಹೋದರೆ ಮ್ಯಾಪ್ ಕಡತದಿಂದ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆ ಕಡತವನ್ನು ಪೆನ್‌ಡ್ರೈವಿನಲ್ಲಿ ಉಳಿಸಿ.

ಎಚ್ಚರ ಬೇಕಾದ ಜಾಗ ಒಂದೇ. ಯಾವುದರಿಂದ, ಯಾವುದಕ್ಕೆ ಅನ್ನುವುದು ಅದಲುಬದಲಾದರೆ ಖಾಲಿ ಡಿಸ್ಕು ಹೋಗಿ ನಿಮ್ಮ ಫೋಟೋ ಡಿಸ್ಕಿನ ಮೇಲೆ ಕೂರುತ್ತದೆ. ಎಂಟರ್ ಒತ್ತುವ ಮೊದಲು ಎರಡೂ ಡಿಸ್ಕಿನ ಸೀರಿಯಲ್ ನಂಬರನ್ನು ಸ್ಟಿಕ್ಕರ್ ಜೊತೆ ತಾಳೆ ನೋಡಿ. ಧೈರ್ಯ ಸಾಲದಿದ್ದರೆ ತಿಳಿದವರ ಕೈಗೆ ಕೊಡಿ.

ರಿಪೇರಿ ಕಮಾಂಡ್ ಮೊದಲು ಯಾಕೆ ಬೇಡ?

ವಿಂಡೋಸಿನ ಚೆಕ್‌ಡಿಸ್ಕನ್ನು "ಆರ್" ಆಯ್ಕೆ ಕೊಟ್ಟು ಓಡಿಸಿದರೆ ಅದು ಇಡೀ ಡಿಸ್ಕನ್ನು ಓದುತ್ತದೆ. ಓದಲು ಬರದ ಜಾಗಕ್ಕೆ ಕೆಟ್ಟಿದೆ ಎಂದು ಗುರುತು ಹಾಕಿ, ಆ ಕಡತದ ತುಂಡಿಗೆ ಬೇರೆ ಜಾಗ ಕೊಡುತ್ತದೆ. ಸಿಕ್ಕಷ್ಟನ್ನು ಅಲ್ಲಿಗೆ ತುಂಬುತ್ತದೆ, ಸಿಗದ ಕಡೆ ಖಾಲಿ ಬಿಡುತ್ತದೆ. ಅದರ ಕೆಲಸ ಕಡತ ವ್ಯವಸ್ಥೆಯನ್ನು ಮತ್ತೆ ನಡೆಯುವಂತೆ ಮಾಡುವುದು. ಅದನ್ನು ಸರಿಯಾಗಿಯೇ ಮಾಡುತ್ತದೆ. ನಿಮ್ಮ ಫೋಟೋ ಉಳಿಸುವುದು ಅದರ ಕೆಲಸ ಅಲ್ಲ. ಹತ್ತನೇ ಪ್ರಯತ್ನಕ್ಕೆ ಓದಲು ಸಿಗಬಹುದಾಗಿದ್ದ ಸೆಕ್ಟರ್ ಆಗ ಕಡತದಿಂದಲೇ ಕಳಚಿಕೊಳ್ಳುತ್ತದೆ. ನಕಲು ತೆಗೆದುಕೊಂಡ ಮೇಲೆ ಆ ನಕಲಿನ ಮೇಲೆ ಚೆಕ್‌ಡಿಸ್ಕ್ ಧಾರಾಳವಾಗಿ ಓಡಿಸಿ.

ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತೂ ಚಾಲ್ತಿಯಲ್ಲಿದೆ. ಕ್ವಿಕ್ ಫಾರ್ಮ್ಯಾಟ್ ಸೆಕ್ಟರುಗಳನ್ನು ಮುಟ್ಟಿ ನೋಡುವುದೇ ಇಲ್ಲ. ಪೂರ್ತಿ ಫಾರ್ಮ್ಯಾಟ್ ವಿಂಡೋಸ್ ವಿಸ್ತಾದಿಂದ ಈಚೆಗೆ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಆಮೇಲೆ ಯಾರ ಕೈಲೂ ಏನೂ ಬರುವುದಿಲ್ಲ.

ಡಿಸ್ಕನ್ನು ಫ್ರಿಜ್‌ನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಉಪಾಯ ಕೇಳಿರಬಹುದು. ದಯವಿಟ್ಟು ಬೇಡ. ಫ್ರಿಜ್‌ನಿಂದ ತೆಗೆದ ಚೊಂಬಿನ ಮೇಲೆ ಹನಿ ಕೂರುವುದನ್ನು ನೋಡಿದ್ದೀರಲ್ಲ? ಹೆಚ್ಚಿನ ಡಿಸ್ಕುಗಳಲ್ಲಿ ಗಾಳಿ ಆಡಲು ಫಿಲ್ಟರ್ ಇರುವ ಪುಟ್ಟ ತೂತು ಇರುತ್ತದೆ. ಅದರಿಂದ ಒಳಹೋದ ತೇವದ ಗಾಳಿ ತಟ್ಟೆಯ ಮೇಲೆ ಹನಿಯಾಗುತ್ತದೆ. ನಮ್ಮ ಆಷಾಢದ ಗಾಳಿಯಲ್ಲಂತೂ ಕೇಳುವುದೇ ಬೇಡ. ಮುಚ್ಚಳ ಬಿಚ್ಚಿ ನೋಡುವುದೂ ಅಷ್ಟೇ ಅಪಾಯ.

ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ವಿಷಯ ಸೆಕ್ಟರನ್ನು ದಾಟಿ ಹೆಡ್‌ವರೆಗೆ ಹೋಗಿದೆ. ತಕ್ಷಣ ಪವರ್ ತೆಗೆಯಿರಿ. ಯಾವ ತಂತ್ರಾಂಶವೂ ಅದನ್ನು ಸರಿಮಾಡುವುದಿಲ್ಲ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬಿಗೇ ಕಳಿಸಬೇಕು. ಖರ್ಚು ಜಾಸ್ತಿ. ಒಳಗಿರುವುದು ಅಷ್ಟು ಬೆಲೆಯದ್ದಾ ಅನ್ನುವುದನ್ನು ಮನೆಯವರೇ ಹೇಳಬೇಕು.

ನಕಲಾದ ಮೇಲೆ ಹಳೆಯ ಡಿಸ್ಕ್

ಈಗ ಪರೀಕ್ಷೆ ಮಾಡಬಹುದು. ಡಿಸ್ಕಿನ ತುಂಬ ಸೊನ್ನೆ ಬರೆಯಿರಿ. ಪೆಂಡಿಂಗ್ ಇದ್ದ ಪ್ರತಿ ಸೆಕ್ಟರಿಗೂ ಆಗ ತೀರ್ಮಾನ ಸಿಗುತ್ತದೆ. 197 ಸೊನ್ನೆಗೆ ಇಳಿದು, 5 ಏರದೆ ಇದ್ದರೆ ಅದು ಕರೆಂಟು ಹೋದಾಗ ತಪ್ಪಿದ ಲೆಕ್ಕ ಇರಬಹುದು. ಕೆಲವು ವಾರ ಗಮನಿಸಿ ಬಳಸಬಹುದು. 5 ಏರಿದರೆ ಅಥವಾ ಹೊಸ ಪೆಂಡಿಂಗ್ ಹುಟ್ಟುತ್ತಿದ್ದರೆ ಆ ಡಿಸ್ಕಿಗೆ ನಂಬಿ ಏನನ್ನೂ ಕೊಡಬೇಡಿ. ಕೆಟ್ಟ ಭಾಗ ಬಿಟ್ಟು ಪಾರ್ಟಿಷನ್ ಮಾಡಿಕೊಳ್ಳುವವರಿದ್ದಾರೆ. ಪುಡಿ ಒಳಗೆ ಸುತ್ತುತ್ತಿರುವಾಗ ಪಾರ್ಟಿಷನ್ ಗೆರೆ ಅದನ್ನು ತಡೆಯುವುದಿಲ್ಲ. ವಾರಂಟಿ ಉಳಿದಿದೆಯಾ ಅಂತ ಸೀರಿಯಲ್ ನಂಬರ್ ಹಾಕಿ ನೋಡಿ, ಎಷ್ಟೋ ಸಲ ಇರುತ್ತದೆ.

ಮಳೆಗಾಲದ ಮಟ್ಟಿಗೆ ಒಂದೆರಡು ಮಾತು. ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿಡಿ, ಇಲ್ಲದಿದ್ದರೆ ಕರೆಂಟು ಹೋದ ಕ್ಷಣಕ್ಕೆ ಕಂಪ್ಯೂಟರ್ ಒಮ್ಮೆ ಆರಿ ಹತ್ತಬಹುದು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ನೆನೆದ ಚೀಲದಿಂದ ತೆಗೆದ ಲ್ಯಾಪ್‌ಟಾಪನ್ನು ಆ ಕ್ಷಣಕ್ಕೇ ಆನ್ ಮಾಡಬೇಡಿ. ಕೊಳೆರೋಗ ತಡೆಯುವ ಬೋರ್ಡೋ ಸಿಂಪರಣೆ ಮಳೆಗೆ ಮೊದಲೇ ಆಗಬೇಕು ಅಂತ ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಕಪ್ಪನ್ನೂ ಅದೇ ಪಟ್ಟಿಗೆ ಸೇರಿಸಿಕೊಳ್ಳಿ. ಎರಡು ಪ್ರತಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಆ ಬೆಳೆಗಾರರ ಡಿಸ್ಕ್ ನನ್ನ ಮೇಜಿನ ಮೇಲೆ ನಾಲ್ಕು ದಿನ ಓಡಿತು. ನಡುವೆ ಕರೆಂಟು ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ತೋಟದ ಲೆಕ್ಕ ಪೂರ್ತಿ ಬಂತು. ಫೋಟೋಗಳೂ ಹೆಚ್ಚುಕಡಿಮೆ ಎಲ್ಲ ಬಂದವು. ಧಾರೆಯ ಆ ಒಂದು ಚಿತ್ರ ಬರಲಿಲ್ಲ. ಅದರ ತುಂಡಿನ ಜಾಗದಲ್ಲಿ ಎರಡು ರಾತ್ರಿಯ ರಿಪೇರಿಯಲ್ಲೇ ಖಾಲಿ ಬಂದು ಕೂತಿತ್ತು. ಫೋಟೋ ತೆಗೆದವರ ಹತ್ತಿರ ಮೂಲ ಇರಬಹುದು, ಕೇಳಿ ನೋಡಿ ಅಂದೆ. ಅವರು ಅಂಗಡಿಯ ಬಾಗಿಲಿಗೆ ಹೋಗಿ, ಮಳೆಯ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಫೋನ್ ಹಚ್ಚಿದರು.